ಅಲ್ ನಹ್ದಾದಿಂದ ಅಕ್ಕನಿಗೆ ಓಟು ಕೇಳಿದ್ದು

ನಮ್ಮೂರಿನಲ್ಲಿ ಓಟು ಬೇಕಿದ್ದರೆ ದುಬೈಗೆ ಬರಬೇಕು. ನಗಬೇಡಿ. ನಮ್ಮ ಕರಾವಳಿಯಲ್ಲಿ ಮನೆಗೊಬ್ಬ ಗಂಡಸು ಗಲ್ಫಿನಲ್ಲಿರುತ್ತಾನೆ. ಯಾರಿಗೆ ಹಾಕಬೇಕೆಂದು ಅವನು ಇಲ್ಲಿಂದ ಫೋನಿನಲ್ಲಿ ಹೇಳುತ್ತಾನೆ, ಅಲ್ಲಿ ತಾಯಿ, ಹೆಂಡತಿ, ತಂಗಿ ಎಲ್ಲ ಹೋಗಿ ಅದನ್ನೇ ಒತ್ತಿ ಬರುತ್ತಾರೆ. ಹಾಗಾಗಿ ಅಕ್ಕ ಜಿಲ್ಲಾ ಪಂಚಾಯತಿಗೆ ನಿಂತಾಗ ಪ್ರಚಾರದ ಅರ್ಧ ಹೊರೆ ದುಬೈಯ ಅಲ್ ನಹ್ದಾದಲ್ಲಿದ್ದ ನನ್ನ ತಲೆಗೆ ಬಂತು.

ಅಕ್ಕ ಬೀಡಿ ಕಟ್ಟಿ ಮಕ್ಕಳನ್ನು ಸಾಕಿದವಳು, ರಾಜಕೀಯದ ಗಂಧಗಾಳಿ ಇಲ್ಲ. ಚುನಾವಣೆಯ ಹಿಂದಿನ ಮಳೆಗಾಲದಲ್ಲಿ ಅವಳ ಗಂಡನಿಗೆ ಎದೆನೋವು ಬಂದಾಗ ಮನೆಯ ತನಕ ರಿಕ್ಷಾ ಬರುವಂತಿರಲಿಲ್ಲ. ಹೊಳೆ ದಾಟಲು ಇದ್ದದ್ದು ಮರದ ಸಂಕ ಮಾತ್ರ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ನೆರೆಕರೆಯವರು ಹೊತ್ತು ದಾಟಿಸುವಾಗ ಸಂಕದ ನಡುವೆಯೇ ಜೀವ ಹೋಯಿತು. ಉತ್ತರಕ್ರಿಯೆಯ ಬೊಜ್ಜ ಮುಗಿದ ಮೇಲೆ ಅಕ್ಕ ಸೇತುವೆ ಕೇಳಿಕೊಂಡು ಕಚೇರಿ ಕಚೇರಿ ಅಲೆದಳು. ಎಲ್ಲರೂ ಕುರ್ಚಿ ಕೊಟ್ಟು ಕೂರಿಸಿ ಬರಿಗೈಯಲ್ಲಿ ಕಳಿಸಿದರು. ಆ ವರ್ಷ ಸೀಟು ಹೆಂಗಸರಿಗೆ ಮೀಸಲಾದದ್ದೇ ತಡ, "ನಾನೇ ನಿಲ್ತೇನೆ. ಒಂದು ಸೇತುವೆ ಆಗ್ಲಿ, ಮತ್ತೆ ನನಗೆ ಎಂತದೂ ಬೇಡ" ಅಂದಳು. ಪಕ್ಷೇತರ ಅಭ್ಯರ್ಥಿ, ಚಿಹ್ನೆ ಕುಕ್ಕರ್.

ಆಗ ಇಲ್ಲಿ ಶುಕ್ರವಾರ ರಜೆ. ಇವರು, ಅಂದರೆ ನನ್ನ ಗಂಡ, ಕಾರು ತೆಗೆಯುತ್ತಿದ್ದರು. ಡಿಸ್ಕವರಿ ಗಾರ್ಡನ್ಸ್ ಆಯಿತು, ಒಂದು ವಾರ ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದ ತನಕವೂ ಹೋದೆವು. ಊರಿನ ಹುಡುಗರು ಒಂದರ ಮೇಲೊಂದು ಅಟ್ಟದ ಮಂಚಗಳಲ್ಲಿ ಮಲಗುವ ರೂಮುಗಳ ಬಾಗಿಲು ತಟ್ಟಿ, ನಾಚಿಕೆ ಮಾನ ಬಿಟ್ಟು ಕೇಳಿದೆ. ಒಬ್ಬ ಬ್ಯಾರಿ ಹುಡುಗ ನನ್ನೆದುರೇ ಸ್ಪೀಕರಿನಲ್ಲಿ ಮನೆಗೆ ಫೋನ್ ಹಚ್ಚಿ, "ಯಲ್ಲಾ, ಎಲ್ಲರೂ ಕುಕ್ಕರಿಗೆ ಹಾಕಿ, ಖಲಾಸ್!" ಅಂದ. ಆಚೆಯಿಂದ ಹೆಂಡತಿ, "ಕುಕ್ಕರ್ ಎಂತಕ್ಕೆ ಮಾರಾಯ್ರೆ? ನೀವು ಕಳಿಸಿದ್ದೇ ಇನ್ನೂ ಬಾಕ್ಸಲ್ಲಿ ಉಂಟು" ಅಂದಳು. ರೂಮಿಗೆ ರೂಮೇ ನಕ್ಕಿತು. ಇವರು ಮಾತ್ರ ಎಲ್ಲಿಯೂ ಮೇಲೆ ಬರಲಿಲ್ಲ. "ಪಾರ್ಕಿಂಗ್ ಸಿಗುದಿಲ್ಲ, ನೀನು ಹೋಗಿ ಬಾ" ಎಂದು ಕೆಳಗೇ ಸುತ್ತು ಹೊಡೆಯುತ್ತಿದ್ದರು.

ನನ್ನ ಅತ್ತೆಯ ಮನೆಯೂ ಅದೇ ಕ್ಷೇತ್ರ, ದೊಡ್ಡ ಕುಟುಂಬ. ಅಕ್ಕ ಅಲ್ಲಿಗೆ ಕಾಲಿಡಲಿಲ್ಲ. "ಸಂಬಂಧಿಕರ ಹತ್ರ ಓಟು ಕೇಳಿದ್ರೆ ಅವರನ್ನು ನಂಬದ ಹಾಗೆ ಆಗ್ತದೆ. ನಿನ್ನ ಯಜಮಾನರು ಒಂದು ಫೋನ್ ಮಾಡ್ಲಿ, ಸಾಕು" ಅಂದಳು. ಇವರು "ಆಯ್ತು" ಅಂದರು. ಫೋನೂ ಮಾಡಿದರು.

ಅಕ್ಕ ಸೋತಳು. ದೊಡ್ಡ ಅಂತರವೇನಲ್ಲ, ಅದೇ ಹೊಟ್ಟೆ ಉರಿಸಿದ್ದು. ಅತ್ತೆಯ ಮನೆಯ ಬೂತಿನಲ್ಲಂತೂ ಬೆರಳೆಣಿಕೆಯಷ್ಟೇ ಬಿದ್ದಿತ್ತು. ಅಕ್ಕ ಅತ್ತುಕೊಂಡೇ ಫೋನ್ ಮಾಡಿ, "ಆ ಬೂತಿನಲ್ಲಿ ಬಿದ್ದದ್ದು ನಿನ್ನ ಅತ್ತೆ ಮನೆಯವರದ್ದು ಮಾತ್ರ ಅಂತ ಕಾಣ್ತದೆ. ಅವರ ಉಪಕಾರ ಮರೆಯುದಿಲ್ಲ ಅಂತ ಯಜಮಾನರಿಗೆ ಹೇಳು" ಅಂದಳು. ಹೇಳಿದೆ. ಇವರು ಅರ್ಧ ಊಟಕ್ಕೇ ಎದ್ದು ಕೈ ತೊಳೆದರು. ಪಾಪ, ಎಷ್ಟು ಬೇಜಾರು ಮಾಡಿಕೊಂಡಿದ್ದಾರೆ ಎಂದುಕೊಂಡೆ, ಪೆದ್ದಿ ನಾನು.

ಮುಂದಿನ ಶುಕ್ರವಾರ ಅತ್ತೆಯ ಫೋನ್. ಕಪಟ ಅರಿಯದ ಹೆಂಗಸು. "ನಿನ್ನ ಅಕ್ಕನಿಗೇ ಹಾಕ್ಬೇಕೂಂತ ಇತ್ತು ಮಗಾ. ಬೇಡ, ಇನ್ನೊಬ್ಬಳಿಗೆ ಹಾಕಿ, ನೆರೆಕರೆಯವರಿಗೂ ಹೇಳಿ ಅಂತ ಮಗ ಫೋನ್ ಮಾಡಿದ. ಅವನ ಕೆಲಸದ ವಿಷಯ ಅಲ್ವಾ, ನಿನಗೂ ಗೊತ್ತುಂಟಲ್ಲ" ಅಂದರು.

ನನಗೆ ಗೊತ್ತಿರಲಿಲ್ಲ. ಗೆದ್ದವಳು ಇವರ ಕಂಪನಿಯ ಮಾಲೀಕ ಸೇಟಿನ ತಂಗಿ ಎಂಬುದು ಅಂದೇ ತಿಳಿಯಿತು. ಫೋನ್ ಇಟ್ಟು ಇವರಿಗೆ ಬಾಯಿಗೆ ಬಂದಂತೆ ಬೈದೆ. "ಥೂ, ನಿಮ್ಮ ಜನ್ಮಕ್ಕೆ! ಹೆಂಡತಿಯನ್ನು ಬಾಗಿಲು ಬಾಗಿಲಿಗೆ ಇಳಿಸಿ, ಕಾರಲ್ಲಿ ಕೂತು ಇದನ್ನಾ ಮಾಡಿದ್ದು?"

ಇವರು ಅಲುಗಾಡಲಿಲ್ಲ. "ಸೇಟು ಕರೆದು ಹೇಳಿದ್ರು. ವೀಸಾ ರಿನ್ಯೂ ಆಗುವ ತಿಂಗಳು. ಈ ಮನೆ, ಮಗಳ ಶಾಲೆ, ಎಲ್ಲ ಅವರ ಒಂದು ಸಹಿಯಲ್ಲಿ ಉಂಟು. ನಾನು ಎಂತ ಮಾಡ್ಬೇಕಿತ್ತು, ನೀನೇ ಹೇಳು" ಅಂದರು. ಮಗಳು ಬಾಗಿಲಲ್ಲಿ ನಿಂತು, "ಮಮ್ಮಿ, ವಾಟ್ ಹ್ಯಾಪನ್ಡ್?" ಅಂತ ಕೇಳಿದಳು. ಅವಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋದೆ. ವೀಸಾ ರಿನ್ಯೂ ಆಯಿತು. ಅದೇ ವೀಸಾದ ನೆರಳಲ್ಲಿ ನಾನೂ ಉಂಡೆ, ಉಟ್ಟೆ, ಇವತ್ತಿಗೂ ಇದ್ದೇನೆ. ಹಾಗಂತ ಕ್ಷಮಿಸಿದ್ದೇನೆಯೇ? ಇಲ್ಲ.

ಅದಾದ ಮೇಲೆ ನಮ್ಮ ಜಿಲ್ಲಾ ಪಂಚಾಯತಿಗೆ ಚುನಾವಣೆಯೇ ಆಗಿಲ್ಲ. ಇವತ್ತು ಆಗುತ್ತದೆ, ನಾಳೆ ಆಗುತ್ತದೆ ಎಂದು ವರ್ಷಗಳೇ ಕಳೆದವು. ಸಂಕ ಹಾಗೆಯೇ ಇದೆ. ಅಕ್ಕನಿಗೆ ಮಂಡಿನೋವು ಬಂದು, ಮಳೆಗಾಲದಲ್ಲಿ ಅವಳು ಹೊಳೆಯಿಂದ ಈಚೆ ಬರುವುದೇ ಇಲ್ಲ.

ಮೊನ್ನೆ ಫೋನ್ ಮಾಡಿದ್ದಳು. "ಈ ಸಲ ಇಲೆಕ್ಷನ್ ಆಗ್ತದಂತೆ ಮಾರಾಯ್ತಿ. ಇನ್ನೊಂದು ಸಲ ನಿಂತು ನೋಡ್ತೇನೆ. ನಿನ್ನ ಯಜಮಾನರ ಹತ್ರ ಅತ್ತೆಗೆ ಈಗಲೇ ಒಂದು ಫೋನ್ ಮಾಡ್ಸು. ಆ ಮನೆಯ ಓಟಾದ್ರೂ ನನ್ನದೇ ಅಂತ ಒಂದು ಧೈರ್ಯ."

ಸ್ಪೀಕರ್ ಆನ್ ಇತ್ತು. ಇವರು ಪಕ್ಕದಲ್ಲೇ ಕೂತಿದ್ದರು.

"ಮಾಡಿಸ್ತೇನೆ ಅಕ್ಕ" ಅಂದೆ.