ನಿಸ್ಸಿಮನ ಹೆಸರಿಗೆ ಹತ್ತು ಗಂಡಸರು

ಎಸ್ತ್ರೆಯಾ ಗಲಾಂತೆಗೆ ಪುಸ್ತಕದ ಹುಚ್ಚು ಎಂದು ದೊಡ್ಡ ಪಟ್ಟಣ ಬುಲವಾಯೋದವರು ಹೇಳಿಕೊಂಡು ತಿರುಗುತ್ತಿದ್ದರು. ಹುಚ್ಚೂ ಇಲ್ಲ, ಮಣ್ಣೂ ಇಲ್ಲ! ಪ್ರಾರ್ಥನೆಯ ಪುಸ್ತಕ ಬಿಟ್ಟರೆ ಆಕೆ ಜೀವಮಾನದಲ್ಲಿ ಬೇರೇನೂ ಓದಿದವಳಲ್ಲ. ಆದರೂ ಪ್ರತಿ ವರ್ಷ ನಮ್ಮ ಊರು ಗ್ವೇರುವಿಗೆ ಒಬ್ಬ ಲೇಖಕನನ್ನು ಕರೆಸುತ್ತಿದ್ದಳು. ಯೆಹೂದಿಗಳ ಚರಿತ್ರೆಯಾಗಲಿ, ಹಳೆಯ ಗ್ರಂಥವಾಗಲಿ, ಅಜ್ಜಿಯರ ಹಾಡಾಗಲಿ, ಬಂದವನು ಏನು ಮಾತಾಡಿದರೂ ಆಕೆಗೆ ಒಂದೇ. ದಿನ ಮಾತ್ರ ತಾನು ಹೇಳಿದ್ದೇ ಆಗಬೇಕು.

ಅದು ಅವಳ ಮಗ ನಿಸ್ಸಿಮನ ತಿಥಿ. ಒಬ್ಬನೇ ಮಗ. ಗೆಳೆಯರ ಜೊತೆ ಕರೀಬಾ ಸರೋವರಕ್ಕೆ ಮೀನು ಹಿಡಿಯಲು ಹೋದ, ಬಿರುಗಾಳಿಗೆ ದೋಣಿ ಮಗುಚಿತು. ದೋಣಿ ಸಿಕ್ಕಿತು, ಗೆಳೆಯರು ಸಿಕ್ಕರು, ಅವನು ಸಿಗಲಿಲ್ಲ. ಆ ನೀರಿನಲ್ಲಿ ಮೊಸಳೆಗಳಿವೆ. ಆ ಮಾತನ್ನು ಅವಳೆದುರು ಯಾರೂ ಎತ್ತುತ್ತಿರಲಿಲ್ಲ.

ಹೀಗಾಗಿ ಗೋರಿ ಇಲ್ಲ, ನಮ್ಮ ಪದ್ಧತಿಯಂತೆ ಹೋಗಿ ಅದರ ಮೇಲೊಂದು ಕಲ್ಲಿಡಲು ಜಾಗವಿಲ್ಲ. ಹದಿಮೂರನೆಯ ವಯಸ್ಸಿನಲ್ಲಿ ಅವನು ಎದ್ದು ನಿಂತು ನಮ್ಮ ಧರ್ಮಗ್ರಂಥ ತೋರಾ ಓದಿದ ನಮ್ಮ ಪುಟ್ಟ ಪ್ರಾರ್ಥನಾಮಂದಿರ ಒಂದಿತ್ತು. ಅಲ್ಲೇ ವರ್ಷಕ್ಕೊಮ್ಮೆ ಅವನಿಗಾಗಿ ಕಾದಿಶ್ ಹೇಳಿಸಬೇಕು, ಅಷ್ಟೇ ಅವಳ ಆಸೆ. ಸತ್ತವರಿಗಾಗಿ ಹೇಳುವ ಆ ಪ್ರಾರ್ಥನೆಗೆ ಹತ್ತು ಮಂದಿ ಯೆಹೂದಿ ಗಂಡಸರು ಬೇಕೇ ಬೇಕು. ಒಬ್ಬ ಕಡಿಮೆಯಾದರೂ ಬಾಯಿ ಬಿಡುವಂತಿಲ್ಲ.

ನಮ್ಮೂರಲ್ಲಿ ಗಂಡಸರು ಎಲ್ಲಿಂದ ಬರಬೇಕು? ಕೆಲವರು ಕೇಪ್ ಟೌನಿಗೆ ಹೋದರು, ಕೆಲವರು ಇಸ್ರೇಲಿಗೆ, ಮಿಕ್ಕವರು ಊರಾಚೆಯ ಸ್ಮಶಾನಕ್ಕೆ. ಬುಲವಾಯೋದಲ್ಲಿ ಇನ್ನೂ ಒಂದಿಷ್ಟು ಜನ ಇದ್ದರು. ಯಾವತ್ತೋ ಸತ್ತ ಹುಡುಗನಿಗಾಗಿ ಬನ್ನಿ ಎಂದರೆ ಈ ಮಹಾಶಯರಿಗೆಲ್ಲ ಸೊಂಟನೋವು ಬರುತ್ತಿತ್ತು. ಜೋಹಾನ್ಸ್‌ಬರ್ಗಿನಿಂದ ಲೇಖಕ ಬರುತ್ತಾನೆ ಎಂದರೆ ಟೈ ಕಟ್ಟಿಕೊಂಡು ಬರುತ್ತಿದ್ದರು! ಭಾಷಣಕ್ಕೆ ಮುಂಚೆ ಎಸ್ತ್ರೆಯಾ, "ಹೇಗೂ ಸೇರಿದ್ದೀರಲ್ಲ" ಎಂದು ಎಣ್ಣೆಯ ದೀಪ ಹಚ್ಚುತ್ತಿದ್ದಳು. ಆಕೆಯ ಗಂಡನೂ ಹೋದಮೇಲೆ ಕಾದಿಶ್ ಹೇಳುವವನು ನಾನು, ಪಕ್ಕದ ಬಟ್ಟೆಯಂಗಡಿಯ ಬೋಖೋರ್.

ಆ ವರ್ಷ ಬಂದ ಲೇಖಕ ಮಾರೆಕ್ ಝಿಲ್ಬರ್. ನಮ್ಮ ಹಿರಿಯರು ಬಿಟ್ಟುಬಂದ ರೋಡ್ಸ್ ದ್ವೀಪದ ಕೈಬರಹದ ಗ್ರಂಥಗಳ ಮೇಲೆ ದಪ್ಪ ಪುಸ್ತಕ ಬರೆದವನು. ಎಸ್ತ್ರೆಯಾ ಎಳ್ಳು ಹಚ್ಚಿದ ಬಳೆಯಾಕಾರದ ಬಿಸ್ಕತ್ತು, ಬಿಸ್ಕೋಚೋಗಳನ್ನು ತಟ್ಟೆಗೆ ಜೋಡಿಸುತ್ತಾ ಬಾಗಿಲ ಕಡೆಗೇ ಕಣ್ಣಿಟ್ಟಿದ್ದಳು.

"ಬೋಖೋರ್, ಬುಲವಾಯೋದಿಂದ ಜಾಕೋ ಕಾರಲ್ಲಿ ಎಲ್ಲಾ ಬಂದ್ರೇನೋ?"

"ಮೋರಿಸ್ ಬಂದಿಲ್ಲ ತಿಯಾ. ಕಾಲು ಊದಿಕೊಂಡಿದೆಯಂತೆ." ತಿಯಾ ಎಂದರೆ ಚಿಕ್ಕಮ್ಮ, ನಮಗೆಲ್ಲ ಆಕೆ ಚಿಕ್ಕಮ್ಮನೇ.

"ಊದೋದಾದ್ರೆ ಅವನ ನಾಲಿಗೆ ಊದಬೇಕಿತ್ತು! ಹೋದ ವರ್ಷ ತಿಂದ ಬಿಸ್ಕೋಚೋ ಇನ್ನೂ ಅರಗಿಲ್ವೇನೋ ಅವನಿಗೆ."

ನಕ್ಕಳು, ಜೋಡಿಸಿದ ತಟ್ಟೆಯನ್ನೇ ಮತ್ತೆ ಜೋಡಿಸಿದಳು. ನಾವು ಜನರನ್ನು ಒಂದು, ಎರಡು ಎಂದು ಎಣಿಸುವುದಿಲ್ಲ, ದೃಷ್ಟಿಯಾಗುತ್ತದೆ. ಹತ್ತು ಪದಗಳ ಒಂದು ಶ್ಲೋಕವಿದೆ, ತಲೆಗೊಂದು ಪದ. ಆಕೆ ಬಾಗಿಲಲ್ಲಿ ನಿಂತು ತುಟಿಯಲ್ಲೇ ಹೇಳಿಕೊಂಡು ಬಂದಳು. ಕೊನೆಯ ಪದ ಝಿಲ್ಬರನ ಮೇಲೆ ಬಿತ್ತು. ಅವಳ ಮುಖ ಸಡಿಲವಾಯಿತು. ದೀಪ ಹಚ್ಚಿದಳು.

ನಾನು ಪುಸ್ತಕ ತೆರೆದೆ. ಆಗ ಝಿಲ್ಬರ್ ಕುರ್ಚಿಯಿಂದ ಎದ್ದು ಅವಳ ಹತ್ತಿರ ಹೋದ.

"ಅಮ್ಮಾ, ನನ್ನನ್ನ ಸೇರಿಸ್ಕೋಬೇಡಿ. ನನ್ನ ತಾಯಿ ಯೆಹೂದಿಯಲ್ಲ. ಪೋಲೆಂಡಿನ ರೈತರ ಮಗಳು. ಯುದ್ಧದಲ್ಲಿ ನನ್ನಪ್ಪನ್ನ ಹಗೇವಿನಲ್ಲಿ ಬಚ್ಚಿಟ್ಟು ಉಳಿಸಿದೋಳು. ಆಮೇಲೆ ಅವನನ್ನೇ ಮದುವೆಯಾದ್ಲು."

ನಮ್ಮಲ್ಲಿ ತಾಯಿ ಯಾವ ಜನದವಳೋ ಮಗನೂ ಆ ಜನದವನೇ, ಅಪ್ಪ ಲೆಕ್ಕಕ್ಕಿಲ್ಲ. ಅದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಮೈಯೆಲ್ಲ ಉರಿದುಹೋಯಿತು.

"ಬಾಯಿ ಮುಚ್ಕೊಂಡಿದ್ರೆ ನಿನ್ನ ಗಂಟೇನು ಹೋಗ್ತಿತ್ತಯ್ಯಾ?" ಎಂದೆ.

"ನಿಮಗೆ ಆಮೇಲೆ ಗೊತ್ತಾಗ್ತಿತ್ತು. ಆಗ ಈ ತಾಯಿಗೆ ಹೇಗಾಗ್ತಿತ್ತು? ನನ್ನಪ್ಪ ತೀರಿಕೊಂಡಾಗ ಹೀಗೇ ಎಣಿಸಿದ್ರು. ಪದ ನನ್ನ ತಲೆ ದಾಟಿ ಪಕ್ಕದವನಿಗೆ ಹೋಯ್ತು. ಅಲ್ಲಿ ಸುಳ್ಳು ಹೇಳಲಿಲ್ಲ. ಇಲ್ಲೂ ಹೇಳಲಾರೆ."

ಬುಲವಾಯೋದ ಜಾಕೋ ಗೊಣಗಿದ: "ಸಾವಿರ ಪುಟ ನಮ್ಮ ಬಗ್ಗೆ ಬರೆದೋನು ನಮ್ಮವನಲ್ಲ ಅಂದ್ರೆ ಏನಪ್ಪಾ ಇದು! ಹೇಳಿಬಿಡೋ ಬೋಖೋರ್, ದೇವರು ನೋಡ್ಕೋತಾನೆ."

ಎಲ್ಲರೂ ಎಸ್ತ್ರೆಯಾಳ ಕಡೆ ತಿರುಗಿದರು. ಆಕೆ ಹೂಂ ಎಂದಿದ್ದರೆ ನಾನು ಖಂಡಿತ ಹೇಳಿಬಿಡುತ್ತಿದ್ದೆ. ಆಕೆ ದೀಪವನ್ನು ನೋಡುತ್ತಾ ಕೇಳಿದಳು:

"ನಿನ್ನಮ್ಮ ಇದ್ದಾಳೇನಪ್ಪಾ?"

"ಇಲ್ಲಮ್ಮಾ."

"ಅವಳಿಗೆ ಯಾರು ಪ್ರಾರ್ಥನೆ ಹೇಳ್ತಾರೆ?"

"ಯಾರೂ ಇಲ್ಲ. ಊರಿನವರು ಅವಳನ್ನ ಯೆಹೂದಿಯ ಹೆಂಡ್ತಿ ಅಂತ ದೂರ ಇಟ್ರು. ನಮ್ಮಪ್ಪನ ಕಡೆಯವರು ಒಳಗೆ ಬಿಟ್ಕೊಳ್ಳಲಿಲ್ಲ."

ಎಸ್ತ್ರೆಯಾ ಸೆರಗಿನಂತೆ ಇಳಿಬಿದ್ದ ತಲೆವಸ್ತ್ರದಿಂದ ಮೂಗು ಒರೆಸಿಕೊಂಡಳು. "ಪುಸ್ತಕ ಮುಚ್ಚೋ ಬೋಖೋರ್. ನನ್ನ ಮಗನ ಹೆಸರಲ್ಲಿ ಕಳ್ಳಲೆಕ್ಕ ಬೇಡ. ಈ ವರ್ಷ ಅವನಿಗೆ ಇಲ್ಲ." ನಂತರ ಝಿಲ್ಬರನಿಗೆ, "ನೀನು ಮಾತಾಡಪ್ಪಾ. ಇವರೆಲ್ಲ ಅದಕ್ಕೇ ತಾನೇ ಬಂದಿರೋದು" ಎಂದಳು.

ಆ ಮಾತು ನೇರ ನಮ್ಮ ಎದೆಗೆ ನಾಟಿತು. ಝಿಲ್ಬರ್ ಮೇಜಿನ ಹಿಂದೆ ಹೋಗಿ ನಿಂತ. ತಂದಿದ್ದ ಹಾಳೆಗಳನ್ನು ಬಿಡಿಸಿದ, ಮತ್ತೆ ಮಡಿಸಿದ.

"ನಿಸ್ಸಿಮ್ ಹೇಗಿದ್ದ, ಅಮ್ಮಾ?"

ಇಷ್ಟು ವರ್ಷ ಅವನ ಹೆಸರು ಹೇಳಿ ಬಿಸ್ಕೋಚೋ ತಿಂದು ಹೋದವರಲ್ಲಿ ಒಬ್ಬನೂ ಕೇಳದ ಪ್ರಶ್ನೆ ಅದು. ಎಸ್ತ್ರೆಯಾ ಬಿಸ್ಕೋಚೋ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಅವನಿಗೆ ಈಜು ಬರ್ತಿತ್ತು ಕಣಪ್ಪಾ. ಚೆನ್ನಾಗಿ ಬರ್ತಿತ್ತು. ದೋಣಿ ಮುಳುಗಿತು ಅಂತ ಬಂದು ಹೇಳಿದ್ರು. ನನ್ನ ಮಗನಿಗೆ ಈಜು ಬರತ್ತೆ, ಹಸ್ಕೊಂಡು ಬರ್ತಾನೆ ಅಂತ ನಾನು ಹೋಗಿ ಒಲೆ ಹಚ್ಚಿದೆ. ಏಳು ದಿನ ಅಡುಗೆ ಮಾಡಿ ಮುಚ್ಚಿಟ್ಟೆ. ನಮ್ಮೋರು ಏಳು ದಿನದ ಸೂತಕಕ್ಕೆ ಕೂತ್ಕೋ ಅಂದ್ರೂ ನಾನು ಕೂತ್ಕೊಳ್ಳಲಿಲ್ಲ."

ಆಕೆ ಅಲ್ಲಿಗೆ ನಿಲ್ಲಿಸಿದಳು. ಕಾದಿಶ್‌ಗೆ ಎಲ್ಲರೂ ಕೂಡಿ ಹೇಳುವ ಆಮೆನ್ ನಮ್ಮೆಲ್ಲರ ಬಾಯಲ್ಲೂ ಬಂದು ನಿಂತಿತ್ತು. ಒಬ್ಬ ಕಡಿಮೆ, ಹೇಳುವಂತಿರಲಿಲ್ಲ.