ಆಲ್ಟೋ ಸಾಲಿನಲ್ಲಿ ಬೇಳೆ ತೊಳೆದದ್ದು

ಲೈಟ್ ಅಪೆರಾ ಸೊಸೈಟಿಯ ಮೇಡಂ ಮೊದಲ ಸಲ ನನ್ನ ಅಂಗಡಿಗೆ ಬಂದಾಗ ಕೆಂಪು ಮಖಮಲ್ಲನ್ನು ಮುಟ್ಟಿ, "ಎಷ್ಟು ಚೆನ್ನಾಗಿದೆ!" ಎಂದು ಬಾಯಿಬಿಟ್ಟು ಹೇಳಿಬಿಟ್ಟರು. ಕೊಳ್ಳುವವರು ಎಂದೂ ಮಾಡಬಾರದ ಕೆಲಸ ಅದು. ಸರಕು ಮನಸ್ಸಿಗೆ ಬಂದರೆ ಮುಖ ಗಂಟು ಹಾಕಿಕೊಳ್ಳಬೇಕು, ಅಂಚು ಎಳೆದು ನೋಡಬೇಕು, "ಬಣ್ಣ ನಿಲ್ಲುತ್ತದೋ ಇಲ್ಲವೋ" ಎಂದು ಗೊಣಗಬೇಕು, ಬಾಗಿಲ ಕಡೆ ಮೆಲ್ಲಗೆ ಹೊರಡಬೇಕು. ಹುಬ್ಬಳ್ಳಿಯ ಬಟ್ಟೆ ಅಂಗಡಿಯಲ್ಲಿ ಥಾನು ಹೊತ್ತು ದೊಡ್ಡವನಾದ ನನಗೆ ಇದೆಲ್ಲ ರಕ್ತದಲ್ಲೇ ಇತ್ತು. ಆ ಮೇಡಂ ಪಾಪ, ನಿವೃತ್ತ ಸಂಗೀತ ಟೀಚರ್. ಆಸೆ ಎಲ್ಲಾ ಮುಖದ ಮೇಲೆಯೇ.

ಎಪ್ಪತ್ತರ ದಶಕದ ಆರಂಭದ ಮಾತು. ಓದಲೆಂದು ಅಮೆರಿಕಕ್ಕೆ ಬಂದು, ಓದಿಗಿಂತ ಹೊಟ್ಟೆ ಮುಖ್ಯವೆಂದು ತಿಳಿದು, ನ್ಯೂಜೆರ್ಸಿಯ ಪ್ಯಾಟರ್ಸನ್ ಊರಿನಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿದ್ದೆ. ಆ ಕಡೆಯ ಬಟ್ಟೆ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು. ಎಲ್ಲರೂ ತಲೆಯ ಮೇಲೆ ಕೈಹೊತ್ತು ಕುಳಿತಿದ್ದಾಗ ನಾನು ಗಿರಣಿಯವರ ಹತ್ತಿರ ಉಳಿದ ತುಂಡುಗಳನ್ನು ಎತ್ತಿಕೊಂಡು ಬಂದು ಪಕ್ಕದ ಊರಿನಲ್ಲಿ ಅಂಗಡಿ ತೆರೆದೆ. ಮುಳುಗುವ ಹಡಗಿನಲ್ಲಿ ಅಳುವವರು ಬಹಳ ಇರುತ್ತಾರೆ, ಹಲಗೆ ಬಿಚ್ಚುವವನು ಒಬ್ಬನೇ. ಚಿಕ್ಕವರು ಇದನ್ನು ಓದುತ್ತಿದ್ದರೆ ನೆನಪಿಟ್ಟುಕೊಳ್ಳಲಿ.

ಲೈಟ್ ಅಪೆರಾ ಎಂದರೆ ನಮ್ಮ ಕಂಪನಿ ನಾಟಕದ ಬೀಗರು ಎನ್ನಿ. ಸಿಟ್ಟು ಬಂದರೂ ಹಾಡು, ಮದುವೆ ನಿಶ್ಚಯವಾದರೂ ಹಾಡು, ಮದುವೆ ಮುರಿದರೆ ಇನ್ನೂ ಉದ್ದದ ಹಾಡು. ಎರಡನೇ ಮಹಾಯುದ್ಧ ಮುಗಿದ ಮೇಲೆ ಈ ಮೇಡಂ ತಮ್ಮ ಮನೆಯ ಪಿಯಾನೋ ಸುತ್ತ ನಾಲ್ಕಾರು ಜನ ಗೆಳೆಯರನ್ನು ಕೂಡಿಸಿ ಸೊಸೈಟಿ ಕಟ್ಟಿದ್ದರಂತೆ. ಆಮೇಲೆ ಚರ್ಚಿನ ಬೇಸ್‌ಮೆಂಟಿನಲ್ಲಿ ತಾಲೀಮು, ವರ್ಷಕ್ಕೊಮ್ಮೆ ವಸಂತದಲ್ಲಿ ಹೈಸ್ಕೂಲಿನ ಆಡಿಟೋರಿಯಮ್ಮಿನಲ್ಲಿ ಶುಕ್ರವಾರ, ಶನಿವಾರ, ಭಾನುವಾರ ಆಟ. ರಾಜನ ಪಾರ್ಟು ಮಾಡುವವರು ಹಗಲು ಹಲ್ಲು ಕೀಳುವ ಡಾಕ್ಟರು, ಸೇನಾಪತಿ ಪ್ಲಂಬರು. ಆದರೆ ಮನೆಮನೆಗೂ ಬಣ್ಣದ ಟೀವಿ ಬಂದ ಮೇಲೆ ನೋಡುವವರು ಕಡಿಮೆಯಾಗಿದ್ದರು, ಮುಂದಿನ ಸಾಲುಗಳು ಖಾಲಿ ಬೀಳುತ್ತಿದ್ದವು.

ಆಸ್ಥಾನದ ಹೆಂಗಸರಿಗೆಲ್ಲ ಮಖಮಲ್ಲಿನ ನಿಲುವಂಗಿ ಬೇಕಾಗಿತ್ತು. ನಾನು ಹೇಳಿದೆ: "ಬಟ್ಟೆ ಪುಕ್ಕಟೆ ತೆಗೆದುಕೊಂಡು ಹೋಗಿ. ನನ್ನ ಹೆಂಡತಿ ಚೆನ್ನಾಗಿ ಹಾಡುತ್ತಾಳೆ, ಅವಳನ್ನು ನಿಮ್ಮ ಮೇಳಕ್ಕೆ ಸೇರಿಸಿಕೊಳ್ಳಿ." ಮೇಡಂ ಕೈ ಮುಂದೆ ಮಾಡಿದರು. ಕುಲುಕಿದೆವು.

ಯಾಕೆ ಹಾಗೆ ಕೇಳಿದೆನೆಂದು ಹೇಳಬೇಕು. ಇವಳು ಧಾರವಾಡದವಳು. ಲಂಗ ಉಡುವ ವಯಸ್ಸಿನಿಂದ ಗುರುಗಳ ಮುಂದೆ ಕುಳಿತು ಕಲಿತವಳು, ರಂಗಗೀತೆ ಹಾಡಿದರೆ ಓಣಿಯ ಆ ತುದಿಗೆ ಕೇಳಿಸಬೇಕು, ಅಂಥ ಕಂಠ. ಇಲ್ಲಿ ನಮ್ಮದು ಎರಡನೇ ಮಹಡಿಯ ಬಾಡಿಗೆ ಮನೆ. ಇವಳು ಸಾ ಹಚ್ಚಿದರೆ ಸಾಕು, ಕೆಳಗಿನ ಮನೆಯ ಒಡತಿ ಪೊರಕೆಯ ಹಿಡಿಯಿಂದ ಸೂರಿಗೆ ಕುಟ್ಟುತ್ತಿದ್ದಳು. ಒಂದಷ್ಟು ದಿನ ಇವಳು ವ್ಯಾಕ್ಯೂಮ್ ಕ್ಲೀನರ್ ಹಚ್ಚಿ ಅದರ ಗದ್ದಲದೊಳಗೆ ಹಾಡಿದಳು. ಇಡೀ ನ್ಯೂಜೆರ್ಸಿಯಲ್ಲಿ ನಮ್ಮಷ್ಟು ಸ್ವಚ್ಛ ಕಾರ್ಪೆಟ್ ಯಾರ ಮನೆಯಲ್ಲೂ ಇರಲಿಲ್ಲ. ಕೊನೆಗೆ ಅದನ್ನೂ ಬಿಟ್ಟಳು. ಸಂಜೆ ನಾನು ಬಂದಾಗ ಮನೆ ತಣ್ಣಗಿರುತ್ತಿತ್ತು. ಗಂಟಲು ಬಿಟ್ಟು ಹಾಡುವುದಕ್ಕೆ ಅವಳಿಗೊಂದು ಜಾಗ ಬೇಕಾಗಿತ್ತು, ಅಷ್ಟೇ.

ವಿಷಯ ತಿಳಿಸಿದಾಗ ಅವಳು ಲಟ್ಟಣಿಗೆ ಕೆಳಗಿಟ್ಟಳು.

"ಬಟ್ಟೀ ಜೋಡಿ ನನ್ನೂ ಅಳದು ಕೊಟ್ಟು ಬಂದ್ರೇನ್ರಿ?"

"ಕೊಟ್ಟಿಲ್ಲ ಮಾರಾಯ್ತಿ, ಮಾತಾಡಿ ಬಂದೀನಿ."

"ಹಂಗಾರ ಇನ್ನೊಮ್ಮೆ ಹೋಗಿ ಮಾತಾಡಿ ಬರ್ರಿ. ನನ್ನ ಹಾಡು ಕೇಳಿ ತಗೊಂಡ್ರ ಬರ್ತೀನಿ. ಬಟ್ಟೀ ನೋಡಿ ತಗೋಳೂದಿದ್ರ ನಾ ಒಲ್ಲೆ."

ಹೋಗಿ ಹೇಳಿದೆ. ಮೇಡಂಗೆ ಈ ಮಾತು ಬಟ್ಟೆಗಿಂತ ಹೆಚ್ಚು ಹಿಡಿಸಿತು. ಮುಂದಿನ ತಾಲೀಮಿನ ದಿನ ಬೇಸ್‌ಮೆಂಟಿನಲ್ಲಿ, ಕಬ್ಬಿಣದ ಮಡಿಚುವ ಕುರ್ಚಿಗಳ ನಡುವೆ ಇವಳು ಸೀರೆಯ ಸೆರಗು ಸುತ್ತಿ ನಿಂತು, ಕಣ್ಣು ಮುಚ್ಚಿ, ಚಿಕ್ಕಂದಿನಲ್ಲಿ ಕಲಿತದ್ದೊಂದನ್ನು ಹಾಡಿದಳು. ಕಾಫಿ ಕುಡಿಯುತ್ತಿದ್ದ ಹಲ್ಲಿನ ಡಾಕ್ಟರು ಲೋಟ ಹಾಗೇ ಹಿಡಿದುಕೊಂಡು ನಿಂತರು. ಮುಗಿದ ಮೇಲೆ ಮೇಡಂ ಸುಮ್ಮನೆ ತಲೆಯಾಡಿಸಿ, "ನನಗೆ ಆಲ್ಟೋ ಬೇಕು. ಆದರೆ ನಮ್ಮ ಪದ್ಧತಿ ಬೇರೆ. ಈ ವರ್ಷದ ಮೂರೂ ಆಟ ದಾರಿ ತಪ್ಪದೆ ಹಾಡಿದರೆ ಖಾಯಂ. ತಪ್ಪಿದರೆ ಪರದೆ ಎಳೆಯುವ ಕೆಲಸ" ಎಂದರು. ಇವಳು ಒಪ್ಪಿದಳು.

ಆಲ್ಟೋ ಎಂದರೆ ಹೆಂಗಸರಲ್ಲಿ ಕೆಳದನಿಯವರು. ಹಾಡಿನ ಧಾಟಿ ಮೇಲುದನಿಯವರ ಪಾಲು. ಆಲ್ಟೋದವರು ಅದೇ ಹೊತ್ತಿಗೆ ಅದರ ಕೆಳಗೆ ಬೇರೆ ಏನನ್ನೋ ಹಾಡಬೇಕು. ಮೊದಲ ವಾರವೇ ಇವಳು ಕಾರಿನಲ್ಲಿ ಕುಳಿತು ಕಿಡಿಕಾರಿದಳು.

"ಅವರು ಒಂದ ಹಾಡ್ತಾರ, ನಾವು ಒಂದ ಹಾಡ್ತೀವಿ, ಗಂಡಸರು ಬ್ಯಾರೇನ ಒದರ್ತಾರ. ನಳದ ಮುಂದ ಜಗಳ ಆಡಿದಂಗ ಆಗ್ತದ. ಅದಕ್ಕ 'ಬ್ಯೂಟಿಫುಲ್' ಅಂತಾರಲ್ರೀ!"

ಹತ್ತು ಜನ ಕೂಡಿ ಹಾಡಿದರೂ ಒಂದೇ ಸುರದಲ್ಲಿ ಸೇರಬೇಕೆಂದು ಕಲಿತವಳು ಅವಳು. ಸಂಜೆ ದನ ಕೊಟ್ಟಿಗೆಗೆ ನುಗ್ಗುವ ಹಾಗೆ ಅವಳ ದನಿ ಪ್ರತಿ ಸಾಲಿನಲ್ಲೂ ಅಸಲು ಧಾಟಿಗೆ ನುಗ್ಗುತ್ತಿತ್ತು. ನುಗ್ಗುವುದಷ್ಟೇ ಅಲ್ಲ, ಹೋದಲ್ಲಿ ಸಾಲಿನ ಕೊನೆಗೆ ಒಂದು ಸಣ್ಣ ತಾನ್ ಬೇರೆ ತೆಗೆಯುತ್ತಿದ್ದಳು, ಪ್ರತಿ ಸಲವೂ ಹೊಸದು. ಮೇಡಂ ತಾಳ ತೋರಿಸುವ ಕೋಲು ಕೆಳಗಿಟ್ಟು ಬಹಳ ಮರ್ಯಾದೆಯಿಂದ ಹೇಳುತ್ತಿದ್ದರು: "ತುಂಬಾ ಸುಂದರವಾಗಿತ್ತು. ದಯವಿಟ್ಟು ಇನ್ನೊಮ್ಮೆ ಮಾಡಬೇಡ."

ನಾನು ಉಪಾಯ ಹೇಳಲು ಹೋದೆ: ಕಿವಿಯಲ್ಲಿ ಹತ್ತಿ ಇಟ್ಟುಕೋ. ಅದು ಕೆಲಸಕ್ಕೆ ಬರಲಿಲ್ಲ. ಉಪಾಯ ಅವಳೇ ಹುಡುಕಿದಳು. ಆಲ್ಟೋದವರ ಪದಗಳು ರಾಣಿಯ ಮುಖಕಾಂತಿಯ ಬಗ್ಗೆ ಹಳೆಯ ಇಂಗ್ಲಿಷಿನಲ್ಲಿದ್ದವು, ಮೇಲುದನಿಯವರದೂ ಅವೇ ಪದಗಳು. ಪದ ಒಂದೇ ಆದದ್ದರಿಂದಲೇ ದನಿ ಅತ್ತ ಹೋಗುತ್ತದೆ ಎಂದು ಅವಳ ತರ್ಕ. ತನ್ನ ಧಾಟಿಗೆ ತನ್ನವೇ ಪದ ಹಾಕಿದರೆ ಅದು ಬೇರೆಯೇ ಹಾಡಾಗುತ್ತದೆ, ಬೇರೆ ಹಾಡಾದರೆ ದಾರಿ ತಪ್ಪುವ ಮಾತೇ ಇಲ್ಲ. ಒಂದು ಸಂಜೆ ನಾನು ಮೆಟ್ಟಿಲು ಹತ್ತುತ್ತಿದ್ದಾಗ ಅಡುಗೆಮನೆಯಿಂದ ಆ ಇಂಗ್ಲಿಷ್ ಧಾಟಿ, ಸಣ್ಣ ದನಿಯಲ್ಲಿ, ಹೀಗೆ ಬರುತ್ತಿತ್ತು:

ಬ್ಯಾಳಿ ತೊಳದೆ, ಅಕ್ಕಿ ತೊಳದೆ, ಗಂಡ ಇನ್ನೂ ಬರಲಿಲ್ಲ
ಸಾರು ಕುದಿಸಿದೆ, ಆರಿಸಿಟ್ಟೆ, ಫೋನೂ ಒಂದು ಮಾಡಲಿಲ್ಲ

ತಾಲೀಮಿನಲ್ಲಿ ಬಾಯಲ್ಲಿ ಇಂಗ್ಲಿಷು, ಮನಸ್ಸಿನಲ್ಲಿ ಬೇಳೆ. ಧಾಟಿ ಗೂಟಕ್ಕೆ ಕಟ್ಟಿದ ಹಾಗೆ ನಿಂತಿತು. ಅಕ್ಕಪಕ್ಕದ ಆಲ್ಟೋ ಹೆಂಗಸರು ಮೆಲ್ಲಗೆ ಇವಳ ಕಡೆ ವಾಲಿಕೊಂಡು ಹಾಡತೊಡಗಿದರು. ಶುಕ್ರವಾರದ ಆಟ ಸರಿಯಾಗಿ ನಡೆಯಿತು, ಶನಿವಾರದ್ದೂ. ಉಳಿದದ್ದು ಭಾನುವಾರ ಮಧ್ಯಾಹ್ನದ್ದು, ಅದೊಂದು ದಾಟಿದರೆ ಖಾಯಂ.

ಭಾನುವಾರದ ಮುಂದಿನ ಸಾಲುಗಳನ್ನು ತುಂಬಿಸುವ ಕೆಲಸವನ್ನು ಮೇಡಂ ನನಗೆ ವಹಿಸಿದ್ದರು. ಆಗ ನಮ್ಮವರು ಅಲ್ಲೊಂದು ಮನೆ ಇಲ್ಲೊಂದು ಮನೆ. ನಾಲ್ಕು ಕನ್ನಡ ಕುಟುಂಬ ಒಂದು ಬೇಸ್‌ಮೆಂಟಿನಲ್ಲಿ ಸೇರಿದರೆ ಅದೇ ಸಮ್ಮೇಳನ. ಜೆರ್ಸಿ ಸಿಟಿಯ ಮೈಸೂರು ಡಾಕ್ಟರಿಗೆ ಮೊದಲು ಫೋನ್ ಹಚ್ಚಿದೆ.

"ಏನ್ ಸ್ವಾಮಿ, ಭಾನುವಾರ ಮಧ್ಯಾಹ್ನ ನಿದ್ದೆ ಬಿಟ್ಟು ಇಂಗ್ಲಿಷ್ ಹಾಡು ಕೇಳ್ಬೇಕಾ? ಮಕ್ಳು ಸುಮ್ನೆ ಕೂರ್ತಾವಾ?"

"ಇಂಟರ್ವಲ್ಲಿನ್ಯಾಗ ಗಿರಮಿಟ್ಟು ಮಾಡಸೀನಿ. ಮಿರ್ಚಿ ಭಜಿನೂ ಅದ."

"ಅದನ್ನ ಮೊದ್ಲೇ ಹೇಳೋದಲ್ವೇನ್ರಿ! ಎಷ್ಟೊತ್ತಿಗೆ ಬರ್ಬೇಕು?"

ಸಂಘ ಸಂಸ್ಥೆ ಕಟ್ಟುವವರಿಗೆ ಒಂದು ಮಾತು: ಜನ ಸೇರಿಸಬೇಕೆಂದರೆ ಕಲೆಯ ಸುದ್ದಿ ಎತ್ತಬೇಡಿ, ತಿಂಡಿಯ ಸುದ್ದಿ ಎತ್ತಿ. ಮಂಡಕ್ಕಿ ಸಿಗುತ್ತಿರಲಿಲ್ಲ, ಬೆಳಗಿನ ಉಪಾಹಾರಕ್ಕೆ ಹಾಲಲ್ಲಿ ಹಾಕುವ ಪಫ್ಡ್ ರೈಸ್ ಡಬ್ಬಗಳನ್ನು ತಂದು ಗಿರಮಿಟ್ಟು ಕಲಸಿದೆವು. ಭಾನುವಾರ ಮುಂದಿನ ಸಾಲುಗಳಲ್ಲಿ ಕಾಂಜೀವರಂ, ಇಳಕಲ್ಲು, ಮೈಸೂರು ಸಿಲ್ಕು ಮಿಂಚುತ್ತಿದ್ದವು. ಮೇಡಂ ಪರದೆಯ ಸಂದಿಯಿಂದ ನೋಡಿ ನನ್ನ ಭುಜ ತಟ್ಟಿದರು.

ಮೊದಲ ಅಂಕದ ಕೊನೆಗೆ ರಾಣಿ ಬರುತ್ತಾಳೆ, ಆಸ್ಥಾನದ ಹೆಂಗಸರು ಸಾಲಾಗಿ ನಿಂತು ಹೊಗಳುತ್ತಾರೆ. ನನ್ನ ಮಖಮಲ್ಲು ದೀಪದಲ್ಲಿ ದಾಳಿಂಬೆಯ ಹಾಗೆ ಕಾಣುತ್ತಿತ್ತು. ನಾನು ಪಕ್ಕದ ಗೋಡೆಗೆ ಒರಗಿ ನಿಂತಿದ್ದೆ. ಇವಳು ಮುಂದೆ ನೋಡಿದಳು. ಎರಡು ದಿನ ಅಲ್ಲಿ ಕತ್ತಲೆ, ಗುರುತಿಲ್ಲದ ಮುಖಗಳು. ಇವತ್ತು ಕುಂಕುಮ ಇಟ್ಟ ಹಣೆಗಳು, ತನ್ನನ್ನೇ ನೋಡಿ ನಗುತ್ತಿರುವ ಮೈಸೂರು ಡಾಕ್ಟರ ಹೆಂಡತಿ. ಬಾಯಿ ತೆರೆದಳು. ಮೇಲುದನಿಯವರು ರಾಣಿಯ ಮುಖಕಾಂತಿ ಹಾಡುತ್ತಿದ್ದರೆ ಕೆಳಗಿನಿಂದ, ಗಟ್ಟಿಯಾಗಿ, ಬೇಳೆ ತೊಳೆಯುವುದು ಶುರುವಾಯಿತು.

ಮೊದಲು ಯಾರಿಗೂ ನಂಬಿಕೆಯಾಗಲಿಲ್ಲ. ಆಮೇಲೆ ಡಾಕ್ಟರ ಹೆಂಡತಿ ಗಂಡನ ತೋಳು ಹಿಡಿದು, "ರೀ, ಕನ್ನಡ ಕಣ್ರೀ!" ಎಂದರು. "ಗಂಡ ಇನ್ನೂ ಬರಲಿಲ್ಲ" ಎಂಬಲ್ಲಿಗೆ ಇಡೀ ಸಾಲು ತಿರುಗಿ ನನ್ನನ್ನು ನೋಡಿತು. ಸಾರು ಆರುವ ಹೊತ್ತಿಗೆ ನಗು ತಡೆಯಲಾರದೆ ಕೆಲವರು ಸೆರಗು ಬಾಯಿಗೆ ತುರುಕಿಕೊಂಡಿದ್ದರು. ಹಾಡು ಮುಗಿದದ್ದೇ ಡಾಕ್ಟರು ಎದ್ದು ನಿಂತು ಎರಡೂ ಕೈ ಎತ್ತಿ ಕೂಗಿದರು.

"ವನ್ಸ್ ಮೋರ್!"

ಕಂಪನಿ ನಾಟಕದ ಡೇರೆಯಲ್ಲಿ ಬೆಳೆದವರಿಗೆ ಅದು ಹುಟ್ಟುಗುಣ. ಹಾಡು ಹಿಡಿಸಿದರೆ ಕೂಗಬೇಕು, ಕೂಗಿದರೆ ಅವರು ಮತ್ತೆ ಹಾಡಬೇಕು, ಕಥೆ ಕಾಯುತ್ತದೆ. ಎಲ್ಲರೂ ಕೂಗಿದರು, ಮಕ್ಕಳು ಸೀಟಿ ಹೊಡೆದರು. ಹಿಂದಿನ ಸಾಲಿನ ಅಮೆರಿಕನ್ ಮುದುಕರಿಗೂ ಹುರುಪು ಬಂದು ಚಪ್ಪಾಳೆ ಸೇರಿಸಿದರು. ಮೇಡಂ ನಮ್ಮ ಕಡೆ ತಿರುಗಿದರು. ಅವರ ಕಣ್ಣಲ್ಲಿ ನೀರು. ಸೊಸೈಟಿಯ ಹಾಡೊಂದನ್ನು ಜನ ಎದ್ದು ನಿಂತು ಮತ್ತೆ ಕೇಳಿದ್ದನ್ನು ಅವರು ಎಷ್ಟೋ ವರ್ಷಗಳಿಂದ ಕಂಡಿರಲಿಲ್ಲ. ಕೋಲು ಎತ್ತಿದರು.

ಇವಳಿಗೆ ಅಷ್ಟರಲ್ಲಿ ತಾನು ಮಾಡಿದ್ದು ತಿಳಿದಿತ್ತು. ಮುಖ ಮಖಮಲ್ಲಿಗಿಂತ ಕೆಂಪು. ಎರಡನೇ ಸಲ ಹಾಡು ಶುರುವಾದಾಗ ತುಟಿ ಬಿಗಿಹಿಡಿದು ನಿಂತಳು. ಆಗ ಆದದ್ದನ್ನು ನೋಡಬೇಕಿತ್ತು. ಇವಳ ದನಿ ಇಲ್ಲದ ಆಲ್ಟೋ ಹೆಂಗಸರು ಒಬ್ಬೊಬ್ಬರಾಗಿ ಮೇಲಿನ ಧಾಟಿಗೆ ಜಾರಿದರು. ಹಾಡಿನ ಕೆಳಗಿನ ನೆಲವೇ ಕಿತ್ತುಹೋಯಿತು. ಮೇಡಂ ಎಡಗೈಯನ್ನು ನೇರ ಇವಳ ಕಡೆ ಚಾಚಿ, ಬೆರಳಾಡಿಸಿ, ಬಾ ಬಾ ಎಂದರು. ಇವಳು ಕಣ್ಣು ಮುಚ್ಚಿದಳು. ಇಂಗ್ಲಿಷ್ ಪದ ನೆನಪಿಗೆ ಬರಲಿಲ್ಲವೆಂದು ಆಮೇಲೆ ಹೇಳಿದಳು. ಬಂದದ್ದನ್ನೇ ಹಾಡಿದಳು, ಧಾರವಾಡದ ಓಣಿ ದಾಟುವ ದನಿಯಲ್ಲಿ. ಉಳಿದವರು ಆ ದನಿ ಹಿಡಿದುಕೊಂಡು ತಮ್ಮ ಜಾಗಕ್ಕೆ ಮರಳಿದರು. ಪರದೆ ಬಿತ್ತು.

ಇಂಟರ್ವಲ್ಲಿನಲ್ಲಿ ನಾನು ರಂಗದ ಹಿಂದೆ ಓಡಿದೆ. ಇವಳು ಪರದೆಯ ಹಗ್ಗದ ಪಕ್ಕದಲ್ಲೇ ನಿಂತಿದ್ದಳು.

"ಇನ್ಮುಂದ ಇದೇ ನನ್ನ ಕೆಲಸ" ಎಂದಳು. "ನೀವು ನಡುವ ಬಾಯಿ ಹಾಕಬ್ಯಾಡ್ರಿ."

ಮೇಡಂ ಬಂದರು. ಕೆಳದನಿಯ ಸಾಲಿನಲ್ಲಿ ಯಾವ ಭಾಷೆ ಇತ್ತು ಎಂದು ಕೇಳಿದರು. ಇವಳು ಒಂದೂ ಬಿಡದೆ ಅರ್ಥ ಹೇಳಿದಳು, ಫೋನ್ ಮಾಡದ ಗಂಡನ ಸಮೇತ. ಮೇಡಂ ನನ್ನನ್ನು ಒಮ್ಮೆ ನೋಡಿದರು.

"ನಾನು ಹೇಳಿದ್ದು ದಾರಿ ತಪ್ಪಬಾರದು ಅಂತ," ಎಂದರು. "ಪದ ತಪ್ಪಿತು. ದಾರಿ ತಪ್ಪಿದವರು ಉಳಿದವರೆಲ್ಲ. ನೀನು ಖಾಯಂ."

ಇಷ್ಟು ಸಿಕ್ಕಿದ ಮೇಲೆ ನಾನಾಗಿದ್ದರೆ ಥ್ಯಾಂಕ್ಸ್ ಹೇಳಿ ಹೊರಡುತ್ತಿದ್ದೆ. ಇವಳು ಹೊರಡಲಿಲ್ಲ. ತನ್ನ ಇಂಗ್ಲಿಷನ್ನು ನಿಧಾನವಾಗಿ ಜೋಡಿಸಿಕೊಂಡು, ಆಲ್ಟೋ ಗಟ್ಟಿಯಾಗಬೇಕಾದರೆ ಸಾಧನೆ ಬೇಕು, ಮನೆಯಲ್ಲಿ ತಾನು ಹಾಡುವಂತಿಲ್ಲ, ಬೆಳಗಿನ ಹೊತ್ತು ಚರ್ಚಿನ ಬೇಸ್‌ಮೆಂಟ್ ಖಾಲಿ ಇರುತ್ತದಲ್ಲ, ಅಲ್ಲಿ ಹಾಡಬಹುದೇ ಎಂದು ಕೇಳಿದಳು.

"ಪಾದ್ರಿಯವರನ್ನು ಕೇಳಬೇಕು," ಎಂದರು ಮೇಡಂ.

"ಕೇಳಿ. ನಾನು ಇಲ್ಲೇ ಇರುತ್ತೇನೆ."

ಪಾದ್ರಿಗಳು ಲಾಬಿಯಲ್ಲಿ ಗಿರಮಿಟ್ಟಿನ ತಟ್ಟೆ ಹಿಡಿದು, ಮಿರ್ಚಿಯೊಂದನ್ನು ಪೂರ್ತಿ ಕಚ್ಚಿ, ಮಾತು ಹೊರಡದೆ ನಿಂತಿದ್ದರು. ಮೇಡಂ ಕೇಳಿದರು. ಅವರು ಕಣ್ಣೊರೆಸಿಕೊಳ್ಳುತ್ತ ತಲೆಯಾಡಿಸಿದರು. ನೀರು ಕುಡಿದ ಮೇಲೂ ಮಾತು ಬದಲಿಸಲಿಲ್ಲ, ಸಜ್ಜನರು. ಮಂಗಳವಾರ ಮತ್ತು ಗುರುವಾರ.

ಆ ದಶಕ ಮುಗಿಯುವವರೆಗೂ ಸೊಸೈಟಿ ನಡೆಯಿತು, ಇವಳು ಆಲ್ಟೋ ಸಾಲಿನಲ್ಲೇ ಇದ್ದಳು. ಹೊಸದಾಗಿ ಬಂದವರಿಗೆ ದಾರಿ ಹಿಡಿಯುವುದನ್ನು ಕಲಿಸಿದಳು. ಭಾನುವಾರದ ಆಟಕ್ಕೆ ನಮ್ಮವರು ವರ್ಷವರ್ಷವೂ ಬಂದರು, ಕೂಗಿದರು.

ಮೊದಲ ಮಂಗಳವಾರ ನಾನೇ ಅವಳನ್ನು ಚರ್ಚಿನ ಬಾಗಿಲಲ್ಲಿ ಬಿಟ್ಟೆ. ಬೇಸ್‌ಮೆಂಟಿನ ಕಿಟಕಿ ನೆಲದ ಮಟ್ಟಕ್ಕೆ ಇತ್ತು. ಅಂಗಡಿ ತೆರೆಯುವ ಹೊತ್ತಾಗಿತ್ತು, ಆದರೂ ಕಾರಿನಿಂದಿಳಿದು ಹುಲ್ಲಿನ ಮೇಲೆ ನಿಂತೆ. ಒಳಗೆ ಕುರ್ಚಿ ಸರಿಸಿದ ಸದ್ದಾಯಿತು, ಒಂದು ಕೆಮ್ಮು ಕೇಳಿಸಿತು. ಆಮೇಲೆ ಸಾ ಹೊರಟಿತು. ಉದ್ದಕ್ಕೆ, ತುಂಬಿಕೊಂಡು, ರಸ್ತೆಯ ಆಚೆ ನಾಯಿ ಹಿಡಿದು ಹೋಗುತ್ತಿದ್ದವರು ತಿರುಗಿ ನೋಡುವ ಹಾಗೆ. ಎಷ್ಟು ಹೊತ್ತು ನಿಂತಿದ್ದೆನೋ, ಕಿಟಕಿ ತೆರೆಯಿತು.

"ಇನ್ನೂ ಇಲ್ಲೇ ನಿಂತೀರೇನ್ರಿ? ಗಿರಾಕಿ ಕಾಯ್ತಿರ್ತಾರ, ನಡೀರಿ."

ನಡೆದೆ.