ಅರಿಶಿನದ ನೀರಲ್ಲಿ ಅದ್ದಿದ ಅಣಬೆ

ಎಂ.ಎಸ್ಸಿ. ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾನು ಆರಿಸಿಕೊಂಡದ್ದು ಚಿಪ್ಪಣಬೆಯ ಪಾಲಿಸ್ಯಾಕರೈಡುಗಳನ್ನು, ಅಂದರೆ ಅದರೊಳಗಿನ ಸಕ್ಕರೆಯ ಉದ್ದ ಸರಪಳಿಗಳನ್ನು. ಒಣಗಿದ ಅಣಬೆಯನ್ನು ಕುದಿಸಿ, ಸೋಸಿ, ಆ ನೀರಿಗೆ ಆಲ್ಕೋಹಾಲ್ ಸುರಿದರೆ ಅವು ಬಿಳಿ ಎಳೆಗಳಾಗಿ ತಳಕ್ಕಿಳಿಯುತ್ತವೆ. ಅವುಗಳ ಆಂಟಿಆಕ್ಸಿಡೆಂಟ್ ಗುಣವನ್ನು ಅಳೆಯಲು ನೇರಳೆ ಬಣ್ಣದ ಒಂದು ದ್ರಾವಣವಿದೆ. ನೇರಳೆ ಮಾಸಿದಷ್ಟೂ ಗುಣ ಹೆಚ್ಚು.

ಅಣಬೆ ಕೊಡುತ್ತಿದ್ದವರು ಕಳವಾರ ಎಂಬ ಹಳ್ಳಿಯ ಒಬ್ಬ ಅಕ್ಕ. ರೇಷ್ಮೆ ಬಿಟ್ಟಮೇಲೆ ಖಾಲಿಯಾಗಿದ್ದ ಹುಳುಮನೆಯಲ್ಲಿ ಭತ್ತದ ಹುಲ್ಲು ತುಂಬಿದ ಚೀಲಗಳನ್ನು ತೂಗುಹಾಕಿ ಬೆಳೆಯುತ್ತಿದ್ದರು. ಹುಳು ಸಾಕಿದ ತಟ್ಟೆಗಳಲ್ಲೇ ಒಣಗಿಸಿ ಪೊಟ್ಟಣ ಕಟ್ಟಿಡುತ್ತಿದ್ದರು.

ಮೂರನೆಯ ಪೊಟ್ಟಣ ಪರೀಕ್ಷಿಸಿದ ದಿನ, ಮೊದಲೆರಡರಲ್ಲಿ ಅಷ್ಟಾಗಿ ಮಾಸದಿದ್ದ ನೇರಳೆ ನೋಡನೋಡುತ್ತಲೇ ಮಾಸಿತು. ಗೈಡ್ ಮೇಷ್ಟ್ರಿಗೆ ಸಂತೋಷವಾಗಿ, ಇನ್ನು ಬರೆಯಲು ಕೂರು ಎಂದರು. ಪ್ರಬಂಧ ಒಪ್ಪಿಸಲು ಮೂರು ವಾರ ಉಳಿದಿತ್ತು. ಆದರೆ ತಳಕ್ಕಿಳಿದ ಎಳೆಗಳು ತೆಳು ಹಳದಿಯಾಗಿದ್ದವು. ಅದು ನನ್ನನ್ನು ಕಾಡಿತು. ಮರುದಿನ ಕಳವಾರಕ್ಕೆ ಹೋಗಿ, ಈ ಸಲ ಬೇರೆ ಏನಾದರೂ ಮಾಡಿದ್ದಿರಾ ಎಂದು ಅಕ್ಕನನ್ನು ಕೇಳಿದೆ.

“ಏನಿಲ್ಲಮ್ಮ. ಕಾಲೇಜಿಗೆ ಹೋಗೋದಲ್ವಾ, ಹುಳ ಗಿಳ ಇದ್ರೆ ನಿಂಗೇ ಅವಮಾನ ಅಂತ ಬಿಸಿನೀರಿಗೆ ಅರಿಶಿನ ಹಾಕಿ ಅದ್ದಿ ತೆಗ್ದೆ.”

ಜಗಲಿಯಲ್ಲಿ ಹುಣಸೆ ಬಿಡಿಸುತ್ತಿದ್ದ ಅವರ ಅತ್ತೆ ತಲೆಯೆತ್ತದೆ ಹೇಳಿದರು: “ನಿನ್ನ ಮದುವೇಲೂ ಇಷ್ಟು ಅರಿಶಿನ ಹಚ್ಚಿರ್ಲಿಲ್ಲ ಕಣೇ.”

ಅಕ್ಕ ನಕ್ಕರು. ನಾನು ನಗಲಿಲ್ಲ. ಅರಿಶಿನವೂ ಆ ನೇರಳೆಯನ್ನು ಮಾಸಿಸುತ್ತದೆ. ನನಗೆ ಬೇಕಾದ ಪಾಲಿಸ್ಯಾಕರೈಡುಗಳಲ್ಲಿ ಒಂದಿಷ್ಟು ಬಿಸಿನೀರಿನೊಂದಿಗೇ ಹೋಗಿರುತ್ತದೆ. ನಿಧಾನವಾಗಿ ವಿವರಿಸಿದೆ. ಅವರ ಮುಖ ಇಳಿಯಿತು. ನಿನ್ನ ಫೇಲ್ ಮಾಡ್ತಾರಾ ಎಂದು ಎರಡು ಸಲ ಕೇಳಿದರು. ಆಮೇಲೆ ನನ್ನನ್ನು ಹುಳುಮನೆಗೆ ಕರೆದೊಯ್ದು, ಮೊಗ್ಗೊಡೆಯುತ್ತಿದ್ದ ಎರಡು ಚೀಲ ತೋರಿಸಿದರು. “ಇವನ್ನ ಮುಟ್ಟಲ್ಲ. ನೀನೇ ಬಂದು ಕೊಯ್ಕೋ.”

ನಾಲ್ಕು ದಿನ ಬಿಟ್ಟು ಹೋಗಿ ಕೊಯ್ದು, ನಾನೇ ಒಣಗಿಸಿದೆ. ಈ ಸಲ ನೇರಳೆ ಅರ್ಧದಷ್ಟೂ ಮಾಸಲಿಲ್ಲ. ಆ ಅಂಕಿಯನ್ನೇ ಬರೆದು ಮೇಷ್ಟ್ರಿಗೆ ಕೊಟ್ಟೆ. ಮೂರನೆಯ ಪೊಟ್ಟಣದ್ದು ಏನಾಯಿತು ಎಂದರು. ಹೇಳಿದೆ. ಅವರು, ಅದನ್ನು ಯಾಕೆ ಕೈಬಿಟ್ಟೆ ಅನ್ನುವುದನ್ನೂ ಬರಿ ಎಂದರು.

ಬೆಳೆಗಾರರ ತಪ್ಪಿನಿಂದ ಎಂದು ಮೊದಲು ಬರೆದಿದ್ದೆ. ಅದನ್ನು ಹೊಡೆದುಹಾಕಿದೆ. ಅಣಬೆಯನ್ನು ತೊಳೆಯಬಾರದೆಂದು ನಾನು ಅವರಿಗೆ ಒಮ್ಮೆಯೂ ಹೇಳಿರಲಿಲ್ಲ, ಹಾಗೆಂದೇ ಬರೆದೆ.